ಪರಿಗ್ರಹ ಪರಿಮಾಣವೂ ಮನೆಯ ವಿಮೆಯೂ

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ನಮ್ಮೂರ ಬಸದಿಯಲ್ಲಿ ಸ್ವಾಧ್ಯಾಯ ನಡೆದಿತ್ತು. ಒಬ್ಬ ತರುಣ ಮಿತ್ರರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಅಪರಿಗ್ರಹವನ್ನು ಬೋಧಿಸುವ ಧರ್ಮದಲ್ಲಿ ಹುಟ್ಟಿದ ನಾವು, ಮನೆ ಹೋದರೆ ಮನೆಯ ಬೆಲೆ ಮರಳಿ ಬರಲಿ, ಒಡವೆ ಹೋದರೆ ಒಡವೆಯ ಬೆಲೆ ಮರಳಿ ಬರಲಿ ಎಂದು ವರ್ಷವರ್ಷವೂ ವಿಮೆಯ ಹಣ ಕಟ್ಟುವುದು ಮಮತೆಗೆ ಬೇಲಿ ಹಾಕಿದಂತಾಗುವುದಿಲ್ಲವೇ? ಸಭೆಯಲ್ಲಿ ಒಬ್ಬರು ಕರ್ಮೋದಯದ ಮುಂದೆ ವಿಮೆಯೇನು ಮಾಡೀತು ಎಂದರು. ಇನ್ನೊಬ್ಬರು ಅದು ಒಂದು ಬಗೆಯ ಜೂಜೇ ಸರಿ ಎಂದರು. ಹಿರಿಯನೆಂದು ನನ್ನ ಕಡೆ ಹಲವರು ನೋಡಿದರಾದರೂ ನಾನು ಅಂದು ಉತ್ತರ ಹೇಳಲಿಲ್ಲ. ಹೇಳಬೇಕಾದ ಉತ್ತರದಲ್ಲಿ ಅರ್ಧ ಭಾಗ ನನ್ನ ತಪ್ಪಿನ ನಿವೇದನೆಯಾಗಿತ್ತು. ಅದನ್ನು ಬರೆದು ತಿಳಿಸುವುದೇ ಲೇಸೆಂದು ಈ ಲೇಖನಕ್ಕೆ ತೊಡಗಿದ್ದೇನೆ.

ನಮ್ಮದು ಬೆಳಗಾವಿ ಜಿಲ್ಲೆಯಲ್ಲಿ ಕೃಷ್ಣಾ ನದಿಯ ದಂಡೆಯ ಮೇಲಿನ ಊರು. ಪೇಟೆ ಎತ್ತರದಲ್ಲಿದೆ; ಹಳೆಯ ಓಣಿಗಳು ನದಿಯ ಕಡೆಗೆ ಇಳಿಯುತ್ತವೆ. ನನ್ನ ಬಟ್ಟೆಯ ಅಂಗಡಿ ಪೇಟೆಯಲ್ಲಿ, ಮನೆ ಕೆಳಗಿನ ಓಣಿಯಲ್ಲಿ. ಮನೆಯಿಂದ ನಾಲ್ಕು ಹೆಜ್ಜೆ ಮುಂದೆ ನಮ್ಮ ಹಿರಿಯರ ಮಣ್ಣಿನ ಗೋಡೆಯ ಮಾಳಿಗೆ ಮನೆಯಿತ್ತು. ಅದರಲ್ಲಿ ಅಣ್ಣ ಮತ್ತು ವೈನಿ ವಾಸವಾಗಿದ್ದರು. ಅಂಗಡಿಗೆ ಬೆಂಕಿಯ ವಿಮೆಯನ್ನು ನಾನು ಮೊದಲಿನಿಂದಲೂ ಮಾಡಿಸುತ್ತ ಬಂದಿದ್ದೆ. ಬ್ಯಾಂಕಿನ ಸಾಲವಿದ್ದವನಿಗೆ ಅದು ತಪ್ಪದ ಕಟ್ಟಳೆ. ಮನೆಯ ವಿಮೆಯ ವಿಚಾರ ಮಾತ್ರ ಬಹುಕಾಲ ನನ್ನ ತಲೆಗೆ ಬಂದಿರಲಿಲ್ಲ.

1999ರ ಚಾತುರ್ಮಾಸದಲ್ಲಿ ನಮ್ಮೂರಿನಲ್ಲಿ ವರ್ಷಾಯೋಗ ಕೈಗೊಂಡಿದ್ದ ಮುನಿ ಮಹಾರಾಜರ ಸನ್ನಿಧಿಯಲ್ಲಿ ನಾನೂ ನನ್ನ ಧರ್ಮಪತ್ನಿಯೂ ಅಣುವ್ರತಗಳನ್ನು ಸ್ವೀಕರಿಸಿದೆವು. ಪರಿಗ್ರಹ ಪರಿಮಾಣ ವ್ರತವನ್ನು ಬಾಯಿಮಾತಿನಲ್ಲಿ ತೆಗೆದುಕೊಂಡರೆ ಸಾಲದು, ಬರೆದಿಡಿರಿ ಎಂದು ಮಹಾರಾಜರು ಅಪ್ಪಣೆ ಕೊಟ್ಟರು. ಅದರಂತೆ ಒಂದು ಕೆಂಪು ರಟ್ಟಿನ ವಹಿಯಲ್ಲಿ ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ಕುಪ್ಯ, ಭಾಂಡ ಎಂಬ ಶಾಸ್ತ್ರೋಕ್ತ ಕ್ರಮದಲ್ಲಿಯೇ ಮನೆಯಲ್ಲಿದ್ದುದೆಲ್ಲವನ್ನೂ ಪಟ್ಟಿ ಮಾಡಿ, ಎದುರಿಗೆ ಇನ್ನು ಇಷ್ಟನ್ನು ಮೀರುವುದಿಲ್ಲವೆಂದು ಮಿತಿ ಬರೆದೆವು. ಬಂಗಾರ ಇಷ್ಟು ತೊಲೆ, ಬೆಳ್ಳಿ ಇಷ್ಟು, ಕಪಾಟು ಮೂರು, ಮಂಚ ನಾಲ್ಕು, ಹಿತ್ತಾಳೆ ತಾಮ್ರದ ಪಾತ್ರೆಗಳು ಎರಡು ಪೆಟ್ಟಿಗೆ, ಹೀಗೆ. ಆ ವಹಿಯನ್ನು ಅಂಗಡಿಯ ತಿಜೋರಿಯಲ್ಲಿ ಇಟ್ಟೆ. ಮೊದಲ ಕೆಲವು ವರ್ಷ ಪ್ರತಿ ಭಾದ್ರಪದದಲ್ಲಿ ತೆಗೆದು ನೋಡುತ್ತಿದ್ದೆವು. ಬಳಿಕ ತಿಜೋರಿಯ ತಳದಲ್ಲಿ ಅದು ಹಾಗೆಯೇ ಉಳಿಯಿತು.

2005ರ ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಸಾಂಗಲಿಯಿಂದ ಕೆಳಗೆ ಊರೂರುಗಳನ್ನು ಮುಳುಗಿಸಿದುದು ಓದುಗರಿಗೆ ನೆನಪಿರಬಹುದು. ನಮ್ಮ ಮನೆಯ ಹಿಂದಿನ ಅಂಕಣದಲ್ಲಿ ಒಂದು ದಿನ ಮೊಣಕಾಲುದ್ದ ನೀರು ನಿಂತು ಇಳಿಯಿತು. ಕೆಲವು ಚೀಲ ಜೋಳ ಹೋಯಿತು, ಅಷ್ಟೇ. ಆದರೂ ಮನಸ್ಸಿಗೆ ಭಯ ಹೊಕ್ಕಿತು. 2006ರಲ್ಲಿ ಮನೆಗೆ ವಿಮೆ ಮಾಡಿಸಲು ಹೊರಟೆ. ಅಣ್ಣನಿಗೂ ಹೇಳಿದೆ. ಅವನು ನಕ್ಕು, “ತಮ್ಮಾ, ನದಿ ಮನ್ಯಾಗ ಬರೂದು ಹಣ್ಯಾಗ ಬರದಿದ್ರ ನಿನ್ನ ಕಾಗದ ಅದನ್ನ ತಡೀತದೇನು?” ಎಂದ. ನಾನು ಸುಮ್ಮನಾದೆ.

ವಿಮೆಯ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಈ ಕಟ್ಟಡಕ್ಕೆ ಹಿಂದೆ ಬೆಂಕಿ, ನೆರೆ ಮೊದಲಾದುವುಗಳಿಂದ ಹಾನಿಯಾಗಿದೆಯೇ? ನನ್ನ ಲೇಖನಿ ಅಲ್ಲಿ ನಿಂತಿತು. ಏಜೆಂಟರು ಪಕ್ಕದಲ್ಲಿಯೇ ಕುಳಿತಿದ್ದರು. “ಸಾವಕಾರ್ರ, ಅದಕ್ಕ ಎಲ್ಲಾರೂ ಇಲ್ಲ ಅಂತನ ಬರೀತಾರ. ಬಂದಿತ್ತು ಅಂದ್ರ ಕಾಗದ ಮ್ಯಾಲಿನ ಆಫೀಸಿಗೆ ಹೋಗಿ ಕೂಡತದ” ಎಂದರು. ನಾನು ‘ಇಲ್ಲ’ ಎಂದು ಬರೆದು ಸಹಿ ಮಾಡಿದೆ. ಏಜೆಂಟರನ್ನು ದೂರುವುದು ಸಲ್ಲದು, ಸಹಿ ನನ್ನದು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂಬುದನ್ನು ಪಾಠಶಾಲೆಯ ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೆ. ಸುಳ್ಳು ದಸ್ತಾವೇಜು ಎಂದರೆ ಖೊಟ್ಟಿ ಪತ್ರ, ಕಳ್ಳ ಸಹಿ ಎಂದು ಉದಾಹರಣೆ ಕೊಡುತ್ತಿದ್ದೆ. ಅರ್ಜಿಯ ಒಂದು ಕೋಣೆಯಲ್ಲಿ ಬರೆದ ಎರಡಕ್ಷರ ಅದೇ ಅತಿಚಾರವೆಂದು ಅಂದು ತೋರಲಿಲ್ಲ. ಪಾಲಿಸಿ ವರ್ಷವರ್ಷವೂ ನವೀಕರಣಗೊಂಡಿತು. ಅದರೊಂದಿಗೆ ಆ ಸುಳ್ಳೂ ನವೀಕರಣಗೊಂಡಿತು.

2019ರ ಆಗಸ್ಟ್ ಮೊದಲ ವಾರದಲ್ಲಿ ನದಿ ಮತ್ತೆ ಬಂತು. ಈ ಸಲ ಒಂದು ದಿನದ ಮಾತಾಗಿರಲಿಲ್ಲ. ಮನೆಯೊಳಗೆ ಎದೆಮಟ್ಟ ನೀರು ಐದು ದಿನ ನಿಂತಿತು. ನಾವೆಲ್ಲರೂ ಬಸದಿಯ ಮೇಲಂತಸ್ತಿನಲ್ಲಿ ಆಶ್ರಯ ಪಡೆದೆವು. ಉಟ್ಟ ಬಟ್ಟೆಯಲ್ಲಿ ಹೊರಟ ವೈನಿ ತಲೆಯ ಮೇಲೆ ಹೊತ್ತು ತಂದುದು ಮನೆಯಲ್ಲಿದ್ದ ಓಲೆಗರಿ ಗ್ರಂಥಗಳ ಐದು ಕಟ್ಟುಗಳನ್ನು. ಅವುಗಳಲ್ಲಿ ಎರಡು ದಾರಿಯಲ್ಲಿ ತೊಯ್ದುವು. ಮೂರನೆಯ ರಾತ್ರಿ ಅಣ್ಣನ ಮನೆಯ ಮಣ್ಣಿನ ಗೋಡೆ ಕುಸಿದ ಸದ್ದು ಬಸದಿಯವರೆಗೆ ಕೇಳಿಸಿತು. ಅಣ್ಣ ಮಾಲೆ ತಿರುಗಿಸುತ್ತ ಕುಳಿತಿದ್ದ. ಕೈ ಒಂದು ಕ್ಷಣ ನಿಂತು ಮತ್ತೆ ಸಾಗಿತು.

ನೀರಿಳಿದ ಮೇಲೆ ಕೆಸರು ತೆಗೆದು, ವಿಮಾ ಕಚೇರಿಗೆ ಸುದ್ದಿ ಮುಟ್ಟಿಸಿ, ಹೋದ ವಸ್ತುಗಳ ಪಟ್ಟಿ ಮಾಡಲು ಕುಳಿತೆವು. ಏನಿತ್ತು, ಏನಿರಲಿಲ್ಲ ಎಂಬುದೇ ಮರೆತುಹೋಗಿತ್ತು. ಆಗ ನನ್ನಾಕೆ, “ಮಹಾರಾಜರ ಮುಂದ ಬರದ ವಹಿ ಇತ್ತಲ್ಲ, ಅದನ್ನ ತರ್ರಿ” ಎಂದಳು. ಪೇಟೆಗೆ ನೀರು ಮುಟ್ಟಿರಲಿಲ್ಲವಾಗಿ ವಹಿ ಭದ್ರವಾಗಿತ್ತು. ಮಮತೆಯನ್ನು ಮಿತಿಗೊಳಿಸಲು ಬರೆದ ಪಟ್ಟಿಯೇ ವಿಮೆಯ ಕಂಪನಿ ಕೇಳುವ ಪಟ್ಟಿಯೂ ಆಗಿತ್ತು. ಆದರೆ ಅದು ನಮಗೆ ಇನ್ನೊಂದು ಲೆಕ್ಕವನ್ನೂ ತೋರಿಸಿತು. ಕಪಾಟು ಮೂರೆಂದು ಬರೆದಿತ್ತು. ಕೆಸರಿನಿಂದ ಎತ್ತಿದ್ದು ಐದು. ಪಾತ್ರೆ ಎರಡು ಪೆಟ್ಟಿಗೆಯೆಂದಿತ್ತು. ಅಟ್ಟದ ಮೇಲೆ ನಾಲ್ಕಿದ್ದುವು. ಮಿತಿ ಮೀರಿ ಎಷ್ಟು ವರ್ಷಗಳಾಗಿದ್ದುವೋ ತಿಳಿಯದು. ನೆರೆ ಬರುವ ತನಕ ನಾವು ಎಣಿಸಿಯೇ ಇರಲಿಲ್ಲ.

ಪಟ್ಟಿ ಬರೆಯುವಾಗ ಮಗ, ನೀರು ಮುಟ್ಟದ ಅಟ್ಟದ ಸಾಮಾನುಗಳನ್ನೂ ಸೇರಿಸೋಣವೆಂದ. “ಅಪ್ಪಾ, ಹದಿಮೂರು ವರ್ಷ ಪ್ರೀಮಿಯಂ ತುಂಬೀವಿ. ಒಂದೆರಡು ಹೆಚ್ಚು ಬರದ್ರ ಯಾರ ಗಂಟು ಹೋಗತದ?” ಅವನು ಕೆಟ್ಟವನಲ್ಲ, ದಣಿದಿದ್ದ. ಯಾರ ಗಂಟು ಎಂಬುದು ಯೋಚಿಸಬೇಕಾದ ಮಾತೇ ಸರಿ. ವಿಮೆಯ ಹಣ ಕಂಪನಿಯ ಮನೆಯಲ್ಲಿ ಬೆಳೆದುದಲ್ಲ. ಹಾನಿಯಾಗದ ಸಾವಿರಾರು ಮಂದಿ ಕಟ್ಟಿದ ಹಣ ಹಾನಿಯಾದ ಹತ್ತು ಮಂದಿಗೆ ಸಲ್ಲುತ್ತದೆ. ಆ ಗಂಟಿನಿಂದ ಹೆಚ್ಚು ತೆಗೆದುಕೊಳ್ಳುವುದಕ್ಕೂ ತಕ್ಕಡಿಯಲ್ಲಿ ಕೈ ಒತ್ತಿ ತೂಗುವುದಕ್ಕೂ ಭೇದವಿಲ್ಲ. ಹೀನಾಧಿಕ ಮಾನೋನ್ಮಾನವೆಂದು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿರುವುದು ಇದನ್ನೇ ಅಲ್ಲವೇ? ಇಷ್ಟನ್ನು ಮಗನಿಗೆ ಹೇಳಿದೆ. ಹೇಳುತ್ತಿರುವಾಗಲೇ 2006ರ ಅರ್ಜಿ ನನ್ನ ಕಣ್ಣ ಮುಂದೆ ನಿಂತಿತು.

ಎರಡು ದಿನಗಳ ಬಳಿಕ ಸರ್ವೇಯರ್ ಬಂದರು. ಗೋಡೆ, ನೆಲ, ಬಾಗಿಲುಗಳನ್ನು ನೋಡಿ, ಅಳತೆ ಮಾಡಿ, ಚಿತ್ರ ತೆಗೆದುಕೊಂಡು, ಕೊನೆಗೆ “ಇದಕ್ಕೂ ಮುಂಚೆ ನೀರು ಬಂದಿತ್ತೇ?” ಎಂದು ಕೇಳಿದರು. ಮಗ ನನ್ನ ಮುಖ ನೋಡಿದ. ಬಂದಿತ್ತು, 2005ರಲ್ಲಿ, ಅರ್ಜಿಯಲ್ಲಿ ಇಲ್ಲವೆಂದು ಬರೆದವನು ನಾನೇ ಎಂದು ಉತ್ತರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಬರೆದುಕೊಳ್ಳಬೇಕಾಗುತ್ತದೆ, ಪೂರ್ತಿ ಕ್ಲೇಮು ತಿರಸ್ಕೃತವಾದರೂ ಆಗಬಹುದು” ಎಂದರು. ಬರೆದುಕೊಳ್ಳಿರಿ ಎಂದೆ. ಧೈರ್ಯದಿಂದ ಹೇಳಿದೆನೆಂದು ಯಾರೂ ಭಾವಿಸಬಾರದು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಏಳು ತಿಂಗಳ ನಂತರ ಉತ್ತರ ಬಂತು. ಒಳಗಿನ ಸಾಮಾನುಗಳಿಗೆ, ವಹಿಯ ಆಧಾರವಿದ್ದುದರಿಂದ, ಸವಕಳಿ ಕಳೆದು ತಕರಾರಿಲ್ಲದೆ ಹಣ ಕೊಟ್ಟರು. ಕಟ್ಟಡದ ಲೆಕ್ಕ ಬೇರೆಯಾಯಿತು. ವಾಣಿಜ್ಯ ಪದವೀಧರನಾದ ನಾನು ಅದನ್ನು ಇಲ್ಲಿ ಬಿಡಿಸಿ ಬರೆಯಬೇಕು. ದುರಸ್ತಿಯ ಖರ್ಚು 3,60,000 ರೂಪಾಯಿ. ಮನೆಯನ್ನು ಮರಳಿ ಕಟ್ಟಲು 16 ಲಕ್ಷ ಬೇಕಾಗಿತ್ತು. ನಾನು 2006ರಲ್ಲಿ ಬರೆಸಿದ 8 ಲಕ್ಷದ ವಿಮಾ ಮೊತ್ತವನ್ನು ಒಮ್ಮೆಯೂ ಏರಿಸಿರಲಿಲ್ಲ. ಬೆಲೆಯ ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದವನು ಉಳಿದರ್ಧದ ಹಾನಿಯನ್ನು ತಾನೇ ಹೊರಬೇಕೆಂಬುದು ಆ ಪಾಲಿಸಿಯ ನಿಯಮ. ಆದುದರಿಂದ 1,80,000 ಉಳಿಯಿತು. ಸಂಗತಿಯನ್ನು ಮುಚ್ಚಿಟ್ಟ ಕಾರಣಕ್ಕೆ ಅದರಲ್ಲಿ ಶೇಕಡ 75ನ್ನು ಮಾತ್ರ ಒಪ್ಪಿಕೊಂಡರು. ಕೈಗೆ ಬಂದುದು 1,35,000. ಹೀಗೆ ನನ್ನ ಆಲಸ್ಯದ ಬೆಲೆ 1,80,000; ನನ್ನ ಸುಳ್ಳಿನ ಬೆಲೆ 45,000. ಕಂಪನಿ ನನಗೆ ಅನ್ಯಾಯ ಮಾಡಿತೆಂದು ಹೇಳಲಾರೆ. ಪೂರ್ತಿ ನಿರಾಕರಿಸುವ ಹಕ್ಕೂ ಅವರಿಗಿತ್ತು.

ಅಣ್ಣನ ಮನೆಗೆ ವಿಮೆಯಿರಲಿಲ್ಲ. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿವರೆಗೆ ಪರಿಹಾರವನ್ನು ಕಂತುಗಳಲ್ಲಿ ಕೊಟ್ಟಿತು. ಅದಕ್ಕಾಗಿ ಅಣ್ಣ ಎಪ್ಪತ್ತರ ವಯಸ್ಸಿನಲ್ಲಿ ಕಚೇರಿಯಿಂದ ಕಚೇರಿಗೆ ತಿರುಗಿದ. ಸಾಲದೆ ಬಂದ ಹಣಕ್ಕೆ ಒಂದು ಎಕರೆ ಕಬ್ಬಿನ ಹೊಲ ಮಾರಿದ. ವೈನಿಯ ತವರಿನ ಬಳೆಗಳು ಅಡವು ಹೋದುವು. ಒಂದು ಸಂಜೆ ನನ್ನ ಜಗಲಿಯ ಮೇಲೆ ಕುಳಿತು ಅವನು ಹೇಳಿದ ಮಾತು ಇದು: “ತಮ್ಮಾ, ನಾ ಬಿಟ್ಟಿದ್ದು ವಿಮೆ ಅಷ್ಟ. ಮಮತಾ ಬಿಟ್ಟಿದ್ದಿಲ್ಲ. ಗ್ವಾಡಿ ಬಿದ್ದ ಸಪ್ಪಳ ಇನ್ನೂ ಕಿವ್ಯಾಗ ಐತಿ.” ಸ್ವಾಧ್ಯಾಯದ ಅಂದಿನ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ನಾನು ಕೇಳಿಲ್ಲ.

ಇನ್ನು ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ಕರ್ಮೋದಯವನ್ನು ವಿಮೆ ತಡೆಯಲಾರದೆಂಬುದು ನಿಜ. ಆದರೆ ಔಷಧವೂ ತಡೆಯಲಾರದು, ಬಾಗಿಲ ಬೀಗವೂ ತಡೆಯಲಾರದು. ಪಿಂಛಿ ಕಮಂಡಲುಗಳನ್ನು ಹೊರತು ಬೇರೇನೂ ಇಲ್ಲದ ಮುನಿಗಳಿಗೆ ವಿಮೆ ಬೇಡ, ಬೀಗವೂ ಬೇಡ. ರಾತ್ರಿ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುವ ಶ್ರಾವಕನು ವಿಮೆಯ ಮಾತು ಬಂದಾಗ ಮಾತ್ರ ಕರ್ಮಸಿದ್ಧಾಂತವನ್ನು ಮುಂದೆ ಮಾಡುವುದು ಸಿದ್ಧಾಂತಕ್ಕೂ ಗೌರವವಲ್ಲ. ಪುರುಷಾರ್ಥವನ್ನು ನಮ್ಮ ಆಚಾರ್ಯರು ಎಲ್ಲಿಯೂ ಅಲ್ಲಗಳೆದಿಲ್ಲ.

ಜೂಜೆಂಬ ಮಾತೂ ನಿಲ್ಲುವುದಿಲ್ಲ. ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತವು ಇಲ್ಲದ ಅಪಾಯವನ್ನು ಸೃಷ್ಟಿಸಿ ಲಾಭದ ಆಸೆ ಹುಟ್ಟಿಸುತ್ತದೆ. ವಿಮೆಯಾದರೋ ಇರುವ ಅಪಾಯವನ್ನು ಹಂಚುತ್ತದೆ. ಲಾಭಕ್ಕೆ ಆಸ್ಪದವನ್ನೇ ಕೊಡುವುದಿಲ್ಲ. ಮನೆ, ಸರಕುಗಳ ವಿಮೆಯ ಮೂಲತತ್ತ್ವಗಳು ಎರಡು. ಒಂದು, ಆದ ನಷ್ಟಕ್ಕಿಂತ ಹೆಚ್ಚು ಕೊಡತಕ್ಕದ್ದಲ್ಲ ಎಂಬ ನಷ್ಟಭರ್ತಿಯ ತತ್ತ್ವ. ಇನ್ನೊಂದು, ತಿಳಿದ ಸಂಗತಿಯನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಬೇಕೆಂಬ ಪರಮ ಸದ್ಭಾವದ ತತ್ತ್ವ. ಮೊದಲನೆಯದನ್ನು ಅಚೌರ್ಯವೆಂದೂ ಎರಡನೆಯದನ್ನು ಸತ್ಯವೆಂದೂ ಕರೆದರೆ ತಪ್ಪಾಗದು. ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿರುವುದೇ ಅವುಗಳ ಲಕ್ಷಣವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಮುಖಪರಿಚಯವಿಲ್ಲದವರ ನಡುವೆ ಆ ಉಪಕಾರ ನಡೆಯಬೇಕಾದರೆ ಇಂಥದೊಂದು ವ್ಯವಸ್ಥೆ ಬೇಕಾಗುತ್ತದೆ.

ಮಮತೆಯ ಆಕ್ಷೇಪವೇ ಗಟ್ಟಿಯಾದುದು. ವಸ್ತುವಿನಲ್ಲಿ ಮೂರ್ಛೆಗೊಳ್ಳುವುದನ್ನೇ ಶಾಸ್ತ್ರ ಪರಿಗ್ರಹವೆಂದಿದೆ. ವಿಮೆಯಿದೆಯೆಂದು ಇನ್ನಷ್ಟು ಕೂಡಿಹಾಕಿದರೆ ಆಕ್ಷೇಪ ಸತ್ಯವಾಗುತ್ತದೆ. ಆದರೆ ಮನೆ ಗೃಹಸ್ಥನೊಬ್ಬನದಲ್ಲ. ಅದರಲ್ಲಿ ಹೆಂಡತಿಯ ಸ್ತ್ರೀಧನವಿದೆ, ಮುಪ್ಪಿನವರ ಆಸರೆಯಿದೆ, ಕೆಲವೊಮ್ಮೆ ಬ್ಯಾಂಕಿನ ಸಾಲವಿದೆ. ಇವರೆಲ್ಲರ ನಷ್ಟವನ್ನು ನನ್ನ ವೈರಾಗ್ಯದ ಲೆಕ್ಕದಲ್ಲಿ ಬರೆಯಲು ನನಗೆ ಅಧಿಕಾರವಿಲ್ಲ.

ಕೊನೆಗೆ ಕೆಲವು ವ್ಯಾವಹಾರಿಕ ಸಂಗತಿಗಳು. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ‘ಭಾರತ ಗೃಹ ರಕ್ಷಾ’ ಎಂಬ ಸಮಾನ ಪಾಲಿಸಿ ಜಾರಿಗೆ ಬಂದಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ದಂಗೆ ಮೊದಲಾದುವು ಇದರಲ್ಲಿ ಅಡಕವಾಗಿವೆ. ವಿಮಾ ಮೊತ್ತವನ್ನು ಜಾಗದ ಪೇಟೆಯ ಬೆಲೆಯಿಂದ ಎಣಿಸಬಾರದು. ನೆಲ ಸುಡುವುದಿಲ್ಲ, ಕೊಚ್ಚಿಹೋಗುವುದಿಲ್ಲ. ಕಟ್ಟಡದ ವಿಸ್ತೀರ್ಣವನ್ನು ಇಂದು ಕಟ್ಟಲು ತಗಲುವ ದರದಿಂದ ಗುಣಿಸಬೇಕು. ಸಾವಿರ ಚದರ ಅಡಿಗೆ ಎರಡು ಸಾವಿರ ರೂಪಾಯಿ ದರವಾದರೆ 20 ಲಕ್ಷ. ಒಳಗಿನ ಸಾಮಾನ್ಯ ವಸ್ತುಗಳಿಗೆ ಕಟ್ಟಡದ ಮೊತ್ತದ ಶೇಕಡ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ವಿಮೆ ದೊರೆಯುತ್ತದೆ. ಹೆಚ್ಚು ಬೇಕಾದವರು ಪಟ್ಟಿ ಕೊಡಬೇಕು. ಒಡವೆ, ಬೆಳ್ಳಿ ಮೊದಲಾದ ಬೆಲೆಬಾಳುವ ವಸ್ತುಗಳನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ನನಗೆ ಅರ್ಧ ಹಣ ಕಳೆದ ಕಡಿಮೆ ಮೊತ್ತದ ನಿಯಮವನ್ನು ಈ ಪಾಲಿಸಿಯಲ್ಲಿ ಕೈಬಿಟ್ಟಿದ್ದಾರೆ. ಆದರೆ ಬರೆಸಿದ ಮೊತ್ತಕ್ಕಿಂತ ಹೆಚ್ಚು ಸಿಗುವುದಿಲ್ಲ. ಇಂಥ ವಿಪತ್ತಿನ ಕಾರಣದಿಂದ ಏಳು ದಿನಗಳೊಳಗೆ ಆದ ಕಳವು ಮಾತ್ರ ಇದರಲ್ಲಿ ಸೇರುತ್ತದೆ. ಕನ್ನಗಳವಿಗೆ ಬೇರೆ ವಿಮೆ ಬೇಕು. ಮನೆಯ ಪಟ್ಟಿ, ರಸೀದಿ, ಛಾಯಾಚಿತ್ರಗಳ ಒಂದು ಪ್ರತಿ ಮನೆಯ ಹೊರಗೆ ಇರಲಿ. ಕಂಪನಿಗೆ ದೂರು ಕೊಟ್ಟರೂ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಬರೆಯಬಹುದು.

ಈ ಪಾಲಿಸಿ ಒಳಗೊಳ್ಳದ ವಸ್ತುಗಳ ಪಟ್ಟಿಯಲ್ಲಿ ಗಟ್ಟಿ ಬಂಗಾರ, ನಗದು ಹಣಗಳ ಜೊತೆಗೆ ಹಸ್ತಪ್ರತಿಗಳೂ ಇವೆ. ವೈನಿ ತಲೆಯ ಮೇಲೆ ಹೊತ್ತು ತಂದ ಕಟ್ಟುಗಳಿಗೆ ಯಾವ ಕಂಪನಿಯ ಪರಿಹಾರವೂ ಇಲ್ಲವೆಂದು ಓದಿದಾಗ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಾಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆ ಮಹಾಸತಿಗೆ ಗ್ರಂಥದ ವಿಮೆ ಯಾವುದೆಂದು ತಿಳಿದಿತ್ತು. ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲಿ ಮಾತ್ರ ಉಳಿದಿದ್ದ ಧವಲಾ ಓಲೆಗರಿಗಳು ಪ್ರತಿಯಾಗಿ ಹೊರಬಂದು 1939ರಿಂದ ಅಚ್ಚಾದ ಮೇಲೆಯೇ ನಿಶ್ಚಿಂತವಾದುವು. ನಾವೂ ಉಳಿದ ಗರಿಗಳ ಛಾಯಾಪ್ರತಿ ಮಾಡಿಸಿ ಮೂರು ಕಡೆ ಇರಿಸಿದ್ದೇವೆ. ತೊಯ್ದ ಎರಡು ಕಟ್ಟುಗಳಲ್ಲಿ ಅರ್ಧದಷ್ಟು ಗರಿಗಳು ಓದಲು ಬಾರದಾಗಿವೆ. ಅವುಗಳಲ್ಲಿ ಏನಿತ್ತೆಂದು ಹೇಳಬಲ್ಲವರು ಈಗ ಯಾರೂ ಇಲ್ಲ.

ನಾವು ಮಿತಿ ಮೀರಿದ ಕಪಾಟುಗಳನ್ನು ಮತ್ತೆ ಕೊಳ್ಳಲಿಲ್ಲ. ಕೆಂಪು ವಹಿಯನ್ನು ಈಗ ಪ್ರತಿ ಭಾದ್ರಪದದಲ್ಲಿ ತೆಗೆಯುತ್ತೇವೆ. ಅದನ್ನು ನೋಡಿಯೇ ಪಾಲಿಸಿಯ ನವೀಕರಣವನ್ನೂ ಮಾಡುತ್ತೇವೆ. 2021ರ ಬೇಸಗೆಯಲ್ಲಿ ಅಣ್ಣನ ಹೊಸ ಇಟ್ಟಿಗೆಯ ಮನೆ ಮುಗಿಯಿತು. ಅರ್ಜಿಯನ್ನು ಅವನೇ ತರಿಸಿ, ಕಣ್ಣು ಕಾಣದೆಂದು ನನಗೆ ತುಂಬಲು ಕೊಟ್ಟ. ಹಿಂದೆ ಹಾನಿಯಾಗಿದೆಯೇ ಎಂಬ ಪ್ರಶ್ನೆಗೆ ಬಂದಾಗ ನಾನು ಲೇಖನಿ ಎತ್ತಿ ಅವನ ಕಡೆ ನೋಡಿದೆ. “ನೋಡತಿ ಏನು? ಬಂದಿತ್ತು ಅಂತ ಬರಿ. ಎರಡ ಸಲ ಬಂದಿತ್ತು, ಇಸವಿ ಹಾಕಿ ಬರಿ” ಎಂದ. ಹಾಗೆಯೇ ಬರೆದೆ. ಆ ವರ್ಷ ಜುಲೈಯಲ್ಲಿ ನದಿ ಮತ್ತೆ ಏರಿ, ಓಣಿಯ ತುದಿಯವರೆಗೆ ಬಂದು ಇಳಿಯಿತು. ಅಣ್ಣ ಅಂದು ಬಸದಿಯಲ್ಲಿ ಮಾಲೆ ತಿರುಗಿಸುತ್ತಿದ್ದ, ಕೈ ನಿಲ್ಲಲಿಲ್ಲ.